ಪಫ್ಸಿಗೆ ಬೆಣ್ಣೆಯೇ ಬೇಕು

ಕೈಮಾ-ಚೀಸ್ ಪಫ್ಸ್ ತಿನ್ನುವುದಕ್ಕೊಂದು ಹೊತ್ತಿದೆ. ಓವನ್ನಿನಿಂದ ಹೊರಬಂದ ಮೇಲೆ ಐದು ನಿಮಿಷ ಆರಬೇಕು, ಅಲ್ಲಿಂದ ಹೆಚ್ಚೆಂದರೆ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಮೇಲಿನ ಪದರ ಹಲ್ಲಿಗೆ ತಾಗಿದ ಕೂಡಲೇ ಪುಡಿಯಾಗುತ್ತದೆ, ಕೈಮಾದೊಳಗಿನ ಕಾಳುಮೆಣಸಿನ ಘಾಟು ಮೂಗಿಗೇರುತ್ತದೆ, ಚೀಸ್ ಇನ್ನೂ ಹರಿಯುವ ಹದದಲ್ಲಿರುತ್ತದೆ. ಹೊತ್ತು ಮೀರಿತೋ, ಹೂರಣದ ಹಬೆ ಪದರಗಳಿಗಿಳಿದು ತಳ ಮೆತ್ತಗಾಗುತ್ತದೆ, ಚೀಸ್ ಬಿಗಿದುಕೊಳ್ಳುತ್ತದೆ. ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ಬಲ್ಬಿನ ಕೆಳಗಿಟ್ಟ ಪಫ್ಸ್ ಕೈಗೆ ಬೆಚ್ಚಗೆ ಹತ್ತಬಹುದು, ಆದರೆ ಅದರ ಹೊತ್ತು ಎಂದೋ ಮುಗಿದಿರುತ್ತದೆ. ಮನೆಯಲ್ಲಿ ಇಷ್ಟು ಶ್ರಮ ಪಡುವುದಕ್ಕೆ ನನಗೆ ಈ ಕಾರಣವೊಂದೇ ಸಾಕು.

ಬೆಂಗಳೂರಿನ ಪಫ್ಸಿಗೆ ಎರಡು ಮನೆತನ. ಒಂದು ಹಾಸನದ ಕಡೆಯಿಂದ ಬಂದ ಅಯ್ಯಂಗಾರರದು. ಅಲ್ಲಿ ಈರುಳ್ಳಿ, ಕ್ಯಾರೆಟ್, ಆಲೂಗಡ್ಡೆಯ ಪಲ್ಯವೇ ಹೂರಣ. ಇನ್ನೊಂದು ದಂಡಿನದು, ಅಂದರೆ ಕಂಟೋನ್ಮೆಂಟ್ ಪ್ರದೇಶದ್ದು. ಫ್ರೇಜರ್ ಟೌನಿನ ಮಸೀದಿ ರಸ್ತೆಯಲ್ಲಿರುವ ಆಲ್ಬರ್ಟ್ ಬೇಕರಿ 1902ರಷ್ಟು ಹಳೆಯದು. ಕೈಮಾ ಸಮೋಸ, ಮಿದುಳಿನ ಪಫ್ಸ್, ಖೋವಾ ನಾನ್ ಹುಡುಕಿಕೊಂಡು ಜನ ಇವತ್ತಿಗೂ ಅಲ್ಲಿಗೆ ಹೋಗುತ್ತಾರೆ. ನಾನು ಹೇಳಹೊರಟ ಕೈಮಾ-ಚೀಸ್ ಪಫ್ಸ್ ಈ ಎರಡನೆಯ ಮನೆತನದ್ದು.

ಪದರದ ತಿಂಡಿ ನಮಗೆ ಹೊಸದೇನಲ್ಲ. ಚಿರೋಟಿಗೆ ತುಪ್ಪ, ಅಕ್ಕಿಹಿಟ್ಟು ಕಲೆಸಿದ ಸಾಟಿ ಹಚ್ಚಿ, ಸುತ್ತಿ, ಲಟ್ಟಿಸಿ ಕರಿಯುತ್ತೇವೆ. ತುಪ್ಪದಲ್ಲಿ ನೀರಿಲ್ಲ, ಪದರಗಳನ್ನು ಬಿಡಿಸುವುದು ಕಾದ ಎಣ್ಣೆ. ಪಫ್ಸನ್ನು ಉಬ್ಬಿಸುವುದು ನೀರು. ಬೆಣ್ಣೆಯಲ್ಲಿ ಸುಮಾರು ಶೇ 16ರಷ್ಟು ನೀರಿರುತ್ತದೆ, ಹಿಟ್ಟಿನಲ್ಲೂ ಇರುತ್ತದೆ. ಓವನ್ನಿನ ಕಾವಿಗೆ ಅದು ಹಬೆಯಾಗಿ ಪದರ ಪದರವನ್ನೂ ಮೇಲೆತ್ತುತ್ತದೆ. ಕರಗಿದ ಕೊಬ್ಬು ಪದರಗಳು ಒಂದಕ್ಕೊಂದು ಅಂಟದಂತೆ ನೋಡಿಕೊಳ್ಳುತ್ತದೆ. ಸೋಡಾ ಬೇಡ, ಯೀಸ್ಟ್ ಬೇಡ.

ಆ ಕೊಬ್ಬು ಯಾವುದಿರಬೇಕು ಎಂಬಲ್ಲಿ ನನ್ನದು ಪಟ್ಟು. ಹಾಲಿನ ಬೆಣ್ಣೆ 32ರಿಂದ 35 ಡಿಗ್ರಿಗೆಲ್ಲ ಕರಗುತ್ತದೆ, ಅಂದರೆ ಬಾಯಿಗಿಟ್ಟರೆ ಸಾಕು. ಬೇಕರಿಯ ಭಟ್ಟಿಮನೆಯ ಸೆಕೆಯಲ್ಲಿ ಅದನ್ನು ಲಟ್ಟಿಸಿ ಮಡಿಸುವುದು ಕಷ್ಟ, ಬೆಲೆಯೂ ಜಾಸ್ತಿ. ಹಾಗಾಗಿ ಹೆಚ್ಚಿನ ಕಡೆ ಪಫ್ಸಿಗೆಂದೇ ತಯಾರಾದ ಮಾರ್ಗರೀನ್ ಬಳಸುತ್ತಾರೆ. ಅದು ಮೈಶಾಖಕ್ಕೂ ಪೂರ್ತಿ ಕರಗುವುದಿಲ್ಲ. ತಿಂದಾದ ಮೇಲೆ ಅಂಗುಳಕ್ಕೆ ಜಿಡ್ಡು ಮೆತ್ತಿಕೊಂಡಂತಾಗಿ ಒಂದು ಲೋಟ ಬಿಸಿ ಚಹಾ ಬೇಕೆನಿಸುವುದು ಇದರಿಂದಲೇ. ಎಣ್ಣೆ-ಕೊಬ್ಬುಗಳಲ್ಲಿ ಟ್ರಾನ್ಸ್ ಫ್ಯಾಟ್ ಶೇ 2 ಮೀರಬಾರದೆಂಬ ನಿಯಮ 2022ರಿಂದ ಜಾರಿಯಲ್ಲಿದೆ. ಒಳ್ಳೆಯದೇ ಆಯಿತು. ಆದರೂ ಬೆಣ್ಣೆಯ ರುಚಿ ನಿಯಮದಿಂದ ಬರುವುದಿಲ್ಲವಲ್ಲ. ಮನೆಯಲ್ಲಿ ಮಾಡಿಯೂ ಮಾರ್ಗರೀನ್ ಹಾಕುವುದಾದರೆ ಬೇಕರಿಗೆ ಹೋಗಿ ಕೊಂಡು ತರುವುದೇ ಮೇಲು.

ಮೊದಲು ಹಿಟ್ಟು. 250 ಗ್ರಾಂ ಮೈದಾ, ಅರ್ಧ ಚಮಚ ಉಪ್ಪು, 25 ಗ್ರಾಂ ಬೆಣ್ಣೆ, ಒಂದು ಚಮಚ ನಿಂಬೆರಸ, ಸುಮಾರು 125 ಮಿಲಿ ಐಸ್ ನೀರು ಸೇರಿಸಿ ಕಲೆಸಿ. ಹೆಚ್ಚು ನಾದಬೇಡಿ, ಮುದ್ದೆಯಾದರೆ ಸಾಕು, ಫ್ರಿಜ್ಜಿಗೆ ಹೋಗಲಿ. ಉಪ್ಪಿಲ್ಲದ ಬೆಣ್ಣೆ 200 ಗ್ರಾಂ ತೆಗೆದುಕೊಂಡು ಬೆಣ್ಣೆ ಕಾಗದದ ನಡುವೆ ಇಟ್ಟು ಲಟ್ಟಣಿಗೆಯಿಂದ ಬಡಿದು ಚೌಕ ಮಾಡಿ. ಇಡೀ ಕೆಲಸದ ಗುಟ್ಟಿರುವುದು ಈ ಚೌಕದಲ್ಲಿ. ಕೈಯಲ್ಲಿ ಹಿಡಿದು ಬಾಗಿಸಿದರೆ ಮುರಿಯದೆ ಬಾಗಬೇಕು, ಬೆರಳೊತ್ತಿದರೆ ಗುರುತು ಮೂಡಬೇಕು, ಬೆರಳಿಗೆ ಮಾತ್ರ ಅಂಟಬಾರದು. ತೀರಾ ತಣ್ಣಗಿದ್ದರೆ ಲಟ್ಟಿಸುವಾಗ ಹಿಟ್ಟಿನೊಳಗೇ ಚೂರುಚೂರಾಗಿ ಒಡೆಯುತ್ತದೆ. ಮೆತ್ತಗಿದ್ದರೆ ಹಿಟ್ಟು ಕುಡಿದುಬಿಡುತ್ತದೆ. ಆಮೇಲೆ ಎಷ್ಟು ಮಡಿಸಿದರೂ ಬರುವುದು ಬಿಸ್ಕತ್ತು, ಪಫ್ಸ್ ಅಲ್ಲ.

ಹಿಟ್ಟನ್ನು ಅಗಲಿಸಿ, ಬೆಣ್ಣೆಯನ್ನು ಒಳಗಿಟ್ಟು ಮುಚ್ಚಿ, ಉದ್ದಕ್ಕೆ ಲಟ್ಟಿಸಿ, ಮೂರು ಮಡಿಕೆ ಹಾಕಿ, ಕಾಲು ಸುತ್ತು ತಿರುಗಿಸಿ ಮತ್ತೆ ಲಟ್ಟಿಸಿ. ಹೀಗೆ ನಾಲ್ಕು ಸಲವಾದರೆ ಬೆಣ್ಣೆಯ 81 ಪದರ. ಆರು ಸಲವಾದರೆ ಲೆಕ್ಕಕ್ಕೆ 729. ಅಷ್ಟು ನಯವಾದ ಪದರ ಕೈಮಾದ ಭಾರ ಹೊರಲಾರದು, ನಾಲ್ಕಕ್ಕೇ ನಿಲ್ಲಿಸಿ. ಎರಡೆರಡು ಮಡಿಕೆಗೊಮ್ಮೆ ಅರ್ಧ ಗಂಟೆ ಫ್ರಿಜ್ಜಿನಲ್ಲಿ ವಿಶ್ರಾಂತಿ. ಡಿಸೆಂಬರಿನ ಬೆಂಗಳೂರಿನಲ್ಲಿ ಇದೆಲ್ಲ ಸಲೀಸು. ಏಪ್ರಿಲ್ಲಿನಲ್ಲಾದರೆ ಅಡುಗೆಕಟ್ಟೆಯ ಕಲ್ಲಿನ ಮೇಲೆ ಐಸ್ ತುಂಬಿದ ತಟ್ಟೆಯನ್ನು ಹತ್ತು ನಿಮಿಷ ಇಟ್ಟು, ಒರೆಸಿ, ಆಮೇಲೆ ಲಟ್ಟಣಿಗೆ ಹಿಡಿಯಿರಿ. ಮಂಗಳೂರು, ಕಾರವಾರದವರು ಬೇಸಿಗೆಯಲ್ಲಿ ಬೆಳಗಿನ ಜಾವ ಮಾಡುವುದು ಒಳಿತು.

ಹೂರಣಕ್ಕೆ 400 ಗ್ರಾಂ ಕುರಿ ಕೈಮಾ. ಈರುಳ್ಳಿ ಕೆಂಪಗಾದ ಮೇಲೆ ಶುಂಠಿ-ಬೆಳ್ಳುಳ್ಳಿ, ಹಸಿಮೆಣಸು, ಕೈಮಾ ಹಾಕಿ ನೀರು ಪೂರ್ತಿ ಇಂಗುವ ತನಕ ಹುರಿಯಿರಿ. ಚಮಚದಿಂದ ಬಾಣಲೆಯ ತಳ ಗೀರಿದರೆ ಗೀರಿದ ಜಾಗ ಒಣಗಿಯೇ ಇರಬೇಕು, ರಸ ಮರಳಿ ಕೂಡಬಾರದು. ಆಗಷ್ಟೇ ಕುಟ್ಟಿದ ಕಾಳುಮೆಣಸು ಧಾರಾಳವಾಗಿರಲಿ, ಗರಂ ಮಸಾಲೆ ಕೈಬಿಗಿಹಿಡಿದು ಹಾಕಿ. ಕೊನೆಗೆ ಕೊಡಗಿನ ಕಾಚಂಪುಳಿ ಕಾಲು ಚಮಚ. ಬೆಣ್ಣೆ, ಚೀಸ್, ಕುರಿ ಕೊಬ್ಬು ಮೂರೂ ಸೇರಿದ ತಿಂಡಿಗೆ ಆ ಕಪ್ಪು ಹುಳಿಯಷ್ಟು ಹೊಂದುವುದು ಬೇರೊಂದಿಲ್ಲ; ಸಿಗದಿದ್ದರೆ ನಿಂಬೆರಸ ನಡೆಯುತ್ತದೆ. ಹೂರಣವನ್ನು ತಟ್ಟೆಗೆ ಹರಡಿ ಪೂರ್ತಿ ತಣಿಸಿ. ಬಿಸಿ ಹೂರಣ ಬೆಣ್ಣೆಯನ್ನು ಓವನ್ನಿಗೆ ಹೋಗುವ ಮೊದಲೇ ಕರಗಿಸಿಬಿಡುತ್ತದೆ.

ಚೀಸಿನ ವಿಷಯದಲ್ಲಿ ಆಸೆ ಹಿಡಿತದಲ್ಲಿರಲಿ, ಒಂದಕ್ಕೆ ಹತ್ತು ಗ್ರಾಂ ಸಾಕು. ಸಂಸ್ಕರಿಸಿದ ಚೀಸ್ ಕರಗಿದರೂ ಎಣ್ಣೆ ಬಿಡುವುದಿಲ್ಲ, ಅದಕ್ಕೆ ಸೇರಿಸಿರುವ ಲವಣಗಳು ಕೊಬ್ಬು-ನೀರನ್ನು ಹಿಡಿದಿಡುತ್ತವೆ. ಕೆಲಸಕ್ಕೆ ಸುಲಭ, ರುಚಿಗೆ ಸಪ್ಪೆ. ಮಾಗಿ ಹದಗೊಂಡ ಚೆಡ್ಡರ್‌ಗೆ ರುಚಿಯಿದೆ, ಎಣ್ಣೆ ಬಿಡುವ ಗುಣವೂ ಇದೆ. ಅದನ್ನು ತುರಿದು ಬೆರೆಸದೆ ತುಂಡಾಗಿಯೇ ಕೈಮಾದ ನಡುವೆ ಹುದುಗಿಸಿದರೆ ಬಿಟ್ಟ ಎಣ್ಣೆಯನ್ನು ಕೈಮಾ ಹೀರಿಕೊಳ್ಳುತ್ತದೆ, ಪದರ ಒದ್ದೆಯಾಗುವುದಿಲ್ಲ. ನೀರಿನಲ್ಲಿಟ್ಟು ಮಾರುವ ಹಸಿ ಮೊಝರೆಲ್ಲಾ ಈ ಕೆಲಸಕ್ಕಲ್ಲ.

ಹಿಟ್ಟನ್ನು ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ ಅಂಚು ಕತ್ತರಿಸಿದರೆ ಹತ್ತು ಸೆಂಟಿಮೀಟರಿನ ಹನ್ನೆರಡು ಚೌಕ ಸಿಗುತ್ತವೆ. ಚಾಕು ಹರಿತವಿರಲಿ, ಒಂದೇ ಏಟಿಗೆ ಕೆಳಗಿಳಿಯಲಿ. ಎಳೆದೆಳೆದು ಕೊಯ್ದರೆ ಪದರಗಳ ಅಂಚು ಅಂಟಿಕೊಳ್ಳುತ್ತದೆ. ಹೂರಣವಿಟ್ಟು ಮಡಿಸಿ, ಮೇಲ್ಮೈಗಷ್ಟೇ ಮೊಟ್ಟೆ ಸವರಿ. ಕತ್ತರಿಸಿದ ಅಂಚಿಗೆ ಮೊಟ್ಟೆ ಇಳಿಯಿತೋ ಆ ಪಕ್ಕ ಉಬ್ಬುವುದಿಲ್ಲ. ಹಬೆ ಹೋಗಲು ಮೇಲೆ ಎರಡು ಗೀರು ಹಾಕಿ.

ಓಟಿಜಿಯನ್ನು ಎರಡೂ ರಾಡ್ ಹಾಕಿ 220 ಡಿಗ್ರಿಗೆ ಚೆನ್ನಾಗಿ ಕಾಯಿಸಿ. ಮೊದಲ ಹದಿನೈದು ನಿಮಿಷ ಬಾಗಿಲು ತೆರೆಯಲೇಬಾರದು. ಆಮೇಲೆ 190ಕ್ಕೆ ಇಳಿಸಿ ಇನ್ನೊಂದು ಹದಿನೈದು ನಿಮಿಷ. ಮೇಲ್ಭಾಗ ಹೊಂಬಣ್ಣಕ್ಕೆ ತಿರುಗಿತೆಂದು ತೆಗೆಯಬೇಡಿ. ಒಂದನ್ನು ಎತ್ತಿ ಅಡಿ ನೋಡಿ, ಅದೂ ಕಂದಾಗಿರಬೇಕು. ಅಡಿ ಬಿಳಿಚಿಕೊಂಡಿದ್ದರೆ ಒಳಗೆ ಹಸಿ ಹಿಟ್ಟಿದೆ ಎಂದೇ ಅರ್ಥ.

ಹನ್ನೆರಡನ್ನೂ ಒಂದೇ ದಿನ ಸುಡಬೇಕಿಲ್ಲ. ಮಡಿಸಿದ ಹಸಿ ಪಫ್ಸುಗಳನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿಟ್ಟು ಫ್ರೀಜರಿನಲ್ಲಿ ಗಟ್ಟಿಯಾಗಿಸಿ, ಆಮೇಲೆ ಡಬ್ಬಿಗೆ ತುಂಬಿ. ಬೇಕಾದಾಗ ಬೇಕಾದಷ್ಟು ತೆಗೆದು, ಕರಗಲು ಬಿಡದೆ, ಮೊಟ್ಟೆ ಸವರಿ ನೇರ ಓವನ್ನಿಗೆ. ಐದಾರು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೇ. ಸುಟ್ಟದ್ದು ಉಳಿದರೆ 160 ಡಿಗ್ರಿಯಲ್ಲಿ ಎಂಟು ನಿಮಿಷ ಬಿಸಿ ಮಾಡಿ, ಮೈಕ್ರೋವೇವ್ ಹತ್ತಿರವೂ ಒಯ್ಯಬೇಡಿ. ಟೊಮೆಟೊ ಕೆಚಪ್ಪಿನ ಬಾಟಲಿಯನ್ನೂ ಮೇಜಿಗೆ ತರಬೇಡಿ, ಕಾಚಂಪುಳಿ ಹಾಕಿದ್ದೀರಲ್ಲ.