ಆರ್ಥರ್ ಆ್ಯಶ್‌ನ ಆಟವನ್ನು ಮರೆತವರು

ಆರ್ಥರ್ ಆ್ಯಶ್‌ನ ಹೆಸರು ನಮ್ಮಲ್ಲಿ ಬಹುಪಾಲು ಜನರಿಗೆ ಗೊತ್ತಿರುವುದು ಒಂದು ನೀತಿಕಥೆಯಿಂದ. ಏಡ್ಸ್ ತಗುಲಿದ ಚಾಂಪಿಯನ್‌ಗೆ ಅಭಿಮಾನಿಯೊಬ್ಬ ಕಾಗದ ಬರೆದು, ದೇವರು ನಿಮ್ಮನ್ನೇ ಯಾಕೆ ಆರಿಸಿದ ಎಂದು ಕೇಳಿದನಂತೆ. ಕಪ್ ಎತ್ತಿ ಹಿಡಿದ ದಿನ ಕೇಳದ ಪ್ರಶ್ನೆಯನ್ನು ಈಗೇಕೆ ಕೇಳಲಿ ಎಂದು ಈತ ಉತ್ತರಿಸಿದನಂತೆ. ಮೊಬೈಲಿಂದ ಮೊಬೈಲಿಗೆ, ಸನ್ಮಾನದ ಭಾಷಣಗಳಿಗೆ ಈ ಕಥೆ ಹರಿಯುತ್ತಲೇ ಇದೆ. ಮಾತಿನ ತಿರುಳು ಆ್ಯಶ್‌ನದೇ, ಅವನ ಕೊನೆಯ ಪುಸ್ತಕ ‘ಡೇಸ್ ಆಫ್ ಗ್ರೇಸ್’ನಲ್ಲಿ ಆ ವಿಚಾರವಿದೆ. ನನ್ನ ತಕರಾರು ಬೇರೆ. ಈ ಕಥೆಯಲ್ಲಿ ಟೆನಿಸ್ ತೆಗೆದು ಅಲ್ಲಿ ಕುಸ್ತಿಯನ್ನೋ ಚದುರಂಗವನ್ನೋ ಇಟ್ಟರೂ ಏನೂ ಕೆಡುವುದಿಲ್ಲ. ಒಬ್ಬ ಆಟಗಾರನನ್ನು ನೆನೆಯಲು ಅವನ ಆಟದ ಅಗತ್ಯವೇ ಇಲ್ಲವೆಂದಾದರೆ ಆ ನೆನಪು ಅವನಿಗೆ ಮಾಡುವ ಅನ್ಯಾಯ.

ಇಂಗ್ಲಿಷ್‌ನಲ್ಲಿ ಬರೆಯುವವರೂ ಇದನ್ನೇ ಹೆಚ್ಚು ಗಂಭೀರವಾಗಿ ಮಾಡುತ್ತಾರೆ. ರಿಚ್ಮಂಡ್‌ನಲ್ಲಿ ಕರಿಯರಿಗೆಂದೇ ಬಿಟ್ಟಿದ್ದ ಬ್ರೂಕ್ ಫೀಲ್ಡ್ ಪಾರ್ಕ್, ದಕ್ಷಿಣ ಆಫ್ರಿಕಾ ನಿರಾಕರಿಸಿದ ವೀಸಾ, 1979ರ ಹೃದಯಾಘಾತ, ರಕ್ತದಿಂದ ಬಂದ ಸೋಂಕು, ಕರಿಯ ಕ್ರೀಡಾಪಟುಗಳ ಇತಿಹಾಸವನ್ನು ಮೂರು ಸಂಪುಟಗಳಲ್ಲಿ ಬರೆದ ಛಲ, 1993ರ ಫೆಬ್ರವರಿಯ ಸಾವು, ಕಡೆಗೆ ನ್ಯೂಯಾರ್ಕಿನ ಕ್ರೀಡಾಂಗಣಕ್ಕಿಟ್ಟ ಹೆಸರು. ಎಲ್ಲವೂ ನಿಜ, ದೊಡ್ಡದು. 1968ರ ಯು.ಎಸ್. ಓಪನ್ ಪ್ರಶಸ್ತಿಗೂ, ಅಮೆಚೂರ್ ಆಗಿದ್ದರಿಂದ ಗೆದ್ದವನಿಗೆ ದಿನಭತ್ಯೆಯಷ್ಟೇ ದಕ್ಕಿ ಸೋತ ಟಾಮ್ ಓಕರ್‌ಗೆ 14,000 ಡಾಲರ್ ಹೋದ ಪ್ರಸಂಗಕ್ಕೂ ಒಂದು ಪ್ಯಾರಾ ಸಿಗುತ್ತದೆ. ಅವನು ಚೆಂಡನ್ನು ಹೇಗೆ ಹೊಡೆಯುತ್ತಿದ್ದ, ಯಾವಾಗ ಹೊಡೆಯದೆ ಬಿಡುತ್ತಿದ್ದ ಎಂಬುದಕ್ಕೆ ಅರ್ಧ ಪ್ಯಾರಾ. ನನ್ನ ನಿಲುವು ಇಷ್ಟು: 1975ರ ಜುಲೈ 5ರಂದು ವಿಂಬಲ್ಡನ್ ಫೈನಲ್‌ನಲ್ಲಿ ಆ್ಯಶ್ ಆಡಿದ ಆಟ ನಾನು ಬಲ್ಲ ಟೆನಿಸ್‌ನಲ್ಲೆಲ್ಲ ಬುದ್ಧಿಯ ಅತ್ಯುತ್ತಮ ಕೆಲಸ. ಅವನನ್ನು ಮೊದಲು ಅದರಿಂದಲೇ ಅಳೆಯಬೇಕು.

ಎದುರಿಗಿದ್ದವನು ಜಿಮ್ಮಿ ಕಾನರ್ಸ್. ಇಪ್ಪತ್ತೆರಡರ ಹುಡುಗ, ವಿಶ್ವದ ಒಂದನೇ ಶ್ರೇಯಾಂಕ, ಹಿಂದಿನ ವರ್ಷದ ಚಾಂಪಿಯನ್. 1974ರ ವಿಂಬಲ್ಡನ್ ಫೈನಲ್‌ನಲ್ಲಿ ಕೆನ್ ರೋಸ್‌ವಾಲ್‌ಗೆ ಅವನು ಮೂರು ಸೆಟ್ ಸೇರಿ ಬಿಟ್ಟುಕೊಟ್ಟದ್ದು ಆರು ಗೇಮ್, ಅದೇ ವರ್ಷದ ಅಮೆರಿಕದ ಫೈನಲ್‌ನಲ್ಲಿ ಎರಡೇ. ಆ್ಯಶ್‌ಗೆ ಮೂವತ್ತೆರಡು ತುಂಬಲು ಐದು ದಿನ ಬಾಕಿ. ಅದಕ್ಕೂ ಮೊದಲು ಇಬ್ಬರೂ ಎದುರಾಗಿದ್ದ ಮೂರು ಸಲವೂ ಗೆದ್ದವನು ಕಾನರ್ಸ್. ಡೇವಿಸ್ ಕಪ್ ಆಡಲೊಲ್ಲದ ಕಾನರ್ಸ್‌ನನ್ನು ಆ್ಯಶ್ ಟೀಕಿಸಿದ್ದ, ಅದಕ್ಕೆ ಅವನು ಮಾನನಷ್ಟದ ದಾವೆ ಹೂಡಿದ್ದ. ಫೈನಲ್‌ಗೆ ಆ್ಯಶ್ ಬಂದದ್ದು ಡೇವಿಸ್ ಕಪ್ ಜಾಕೆಟ್ ತೊಟ್ಟು. ಪತ್ರಕರ್ತರಿಗೆ ಆ ಜಾಕೆಟ್ ಬಹಳ ಇಷ್ಟ. ಆದರೆ ಜಾಕೆಟ್ ತೆಗೆದಿಟ್ಟ ಮೇಲೆ ನಡೆದದ್ದನ್ನು ನೋಡಬೇಕು.

ಕಾನರ್ಸ್‌ನ ಬಲವೆಲ್ಲ ಎದುರಾಳಿಯ ವೇಗದಲ್ಲಿತ್ತು. ಚೆಂಡು ಪುಟಿದು ಏಳುತ್ತಿರುವಾಗಲೇ ಮುನ್ನುಗ್ಗಿ, ಚಪ್ಪಟೆಯಾಗಿ, ಬಂದ ವೇಗಕ್ಕೆ ಇನ್ನಷ್ಟು ಕೂಡಿಸಿ ತಿರುಗಿಸುವುದು ಅವನ ರೀತಿ. ಸೆಮಿಫೈನಲ್‌ನಲ್ಲಿ ರಾಸ್ಕೋ ಟ್ಯಾನರ್ ತನ್ನ ಸಿಡಿಲಿನಂಥ ಸರ್ವ್‌ಗಳನ್ನು ಅವನತ್ತ ಎಸೆದು ಮೂರು ಸೆಟ್‌ಗಳಲ್ಲಿ ನೆಲ ಕಚ್ಚಿದ್ದ. ಆ್ಯಶ್‌ನ ಸಹಜ ಆಟವೂ ಟ್ಯಾನರ್‌ನ ಜಾತಿಯದೇ: ಜೋರು ಸರ್ವ್, ಬೀಸಿ ಹೊಡೆಯುವ ಬ್ಯಾಕ್‌ಹ್ಯಾಂಡ್, ಗೆದ್ದರೆ ಗೆಲುವು ಸೋತರೆ ಸೋಲು ಎಂಬ ಧಾರಾಳ. ಓಕರ್ ವಿರುದ್ಧದ ಫೈನಲ್‌ನಲ್ಲಿ ಅವನು 26 ಏಸ್ ಬಾರಿಸಿದ್ದ. ಆ ಆಟವನ್ನೇ ಆಡಿದ್ದರೆ ಅಂದು ಟ್ಯಾನರ್‌ನ ಗತಿಯೇ ಆಗುತ್ತಿತ್ತು.

ಅವನು ವೇಗವನ್ನೇ ಹಿಂತೆಗೆದುಕೊಂಡ. ಎಡಗೈ ಆಟಗಾರನ ಎರಡು ಕೈಯ ಬ್ಯಾಕ್‌ಹ್ಯಾಂಡ್ ಎಷ್ಟು ದೂರ ಚಾಚಬಲ್ಲದು ಎಂದು ಮೊದಲು ಲೆಕ್ಕ ಹಾಕಿದ. ಬಲ ಅಂಕಣಕ್ಕೆ ಸ್ಲೈಸ್ ಸರ್ವ್ ಮಾಡಿದರೆ ಚೆಂಡು ಹುಲ್ಲಿನ ಮೇಲೆ ತಗ್ಗಾಗಿ ಜಾರಿ ಕಾನರ್ಸ್‌ನ ಬಲಕ್ಕೆ, ಅಂದರೆ ಅವನ ಬ್ಯಾಕ್‌ಹ್ಯಾಂಡ್‌ನಾಚೆಗೆ ಹೊರಳುತ್ತದೆ. ಎರಡೂ ಕೈ ರಾಕೆಟ್ ಹಿಡಿದಿರಬೇಕಾದ್ದರಿಂದ ತೋಳು ಪೂರ್ತಿ ಚಾಚುವಂತಿಲ್ಲ, ಮೈಯನ್ನೇ ಅಂಕಣದ ಹೊರಗೆ ಎಳೆದೊಯ್ಯಬೇಕು. ಬರುವ ರಿಟರ್ನ್ ಸಪ್ಪೆ, ಮುಂದೆ ಅಂಕಣ ಪೂರಾ ಖಾಲಿ. ಆ್ಯಶ್ ನೆಟ್‌ಗೆ ಬಂದು ವಾಲಿ ಮಾಡಿದರೆ ಮುಗಿಯಿತು. ಪಂದ್ಯದ ಕೊನೆಯ ಅಂಕವೂ ಹೀಗೇ ಬಂತು.

ಎರಡನೆಯ ಭಾಗ ಇನ್ನೂ ಸೂಕ್ಷ್ಮ. ಕಾನರ್ಸ್‌ನ ಫೋರ್‌ಹ್ಯಾಂಡ್‌ಗೆ, ಅಂಕಣದ ನಡುಭಾಗದಲ್ಲಿ, ಮೊಣಕಾಲಿಗಿಂತ ಕೆಳಗೆ ಬರುವ ನಿಧಾನದ ಚೆಂಡು ಕಂಡರಾಗದು. ಅದನ್ನು ಬಗ್ಗಿ ಎತ್ತಬೇಕು, ವೇಗವನ್ನು ತಾನೇ ಹುಟ್ಟಿಸಬೇಕು. ಚಪ್ಪಟೆ ಹೊಡೆತದವನಿಗೆ ಅಲ್ಲಿ ನೆಟ್ ದಾಟಿಸಿದರೆ ಗೆರೆ ದಾಟುತ್ತದೆ, ಗೆರೆಯೊಳಗೆ ಇಳಿಸಹೋದರೆ ನೆಟ್‌ಗೆ ಬಡಿಯುತ್ತದೆ. ಆ್ಯಶ್ ಸರ್ವಿಸ್ ರಿಟರ್ನ್‌ಗಳನ್ನು ಹೊಡೆಯದೆ ಚಿಪ್ ಮಾಡಿದ, ಆ ತಗ್ಗಿನ ಜಾಗಕ್ಕೆ ಮತ್ತೆ ಮತ್ತೆ ಇಳಿಸಿದ. ಕಾನರ್ಸ್ ಮುಂದೆ ಬಂದರೆ ತಲೆ ಮೇಲಿಂದ ಲಾಬ್. ಮೊದಲ ಎರಡು ಸೆಟ್ 6-1, 6-1.

ಇಲ್ಲಿ ಜಾನ್ ಮ್ಯಾಕ್‌ಫೀ ಬಗ್ಗೆ ಮಾತಾಡದೆ ಮುಂದೆ ಹೋಗಲಾರೆ. 1968ರ ಯು.ಎಸ್. ಓಪನ್‌ನ ಸೆಮಿಫೈನಲ್ ಒಂದನ್ನೇ ಇಟ್ಟುಕೊಂಡು ಅವರು ಬರೆದ ‘ಲೆವೆಲ್ಸ್ ಆಫ್ ದಿ ಗೇಮ್’ ಟೆನಿಸ್ ಬರವಣಿಗೆಯ ಶಿಖರವೆಂದು ಎಲ್ಲರೂ ಒಪ್ಪುತ್ತಾರೆ. ಗದ್ಯದ ವಿಷಯದಲ್ಲಿ ನಾನೂ ಒಪ್ಪುತ್ತೇನೆ. ಆದರೆ ಅದರ ಬೆನ್ನೆಲುಬಾಗಿರುವ ವಿಚಾರವೇನು? ಮನುಷ್ಯ ಹೇಗೋ ಆಟ ಹಾಗೆ. ಆ ಪಂದ್ಯದ ಎದುರಾಳಿ ಕ್ಲಾರ್ಕ್ ಗ್ರೇಬ್ನರ್ ಸಂಪ್ರದಾಯಸ್ಥ, ಆದ್ದರಿಂದ ಬಿಗಿಯಾದ ಆಟ. ಆ್ಯಶ್ ಉದಾರವಾದಿ, ಆದ್ದರಿಂದ ಸಡಿಲ, ಸಾಹಸದ ಆಟ. ಓದಲು ಸೊಗಸಾದ ಈ ಸಮೀಕರಣ ಆ್ಯಶ್‌ನ ಮೇಲಿನ ಮುಂದಿನ ಬರಹಗಳನ್ನೆಲ್ಲ ದಾರಿ ತಪ್ಪಿಸಿದೆ. ಸ್ವಭಾವವೇ ಆಟವಾದರೆ ವಿಮರ್ಶಕ ಸ್ವಭಾವವನ್ನು ಬಣ್ಣಿಸಿ ಕೈ ತೊಳೆದುಕೊಳ್ಳಬಹುದು. ಸಂತನ ಚಿತ್ರ ಬರೆಯಲು ದಾರಿ ತೆರೆದದ್ದು ಅಲ್ಲೇ. ಆ ಸೆಮಿಫೈನಲ್‌ನ ಏಳು ವರ್ಷಗಳ ನಂತರ ಅದೇ ಮನುಷ್ಯ ತನ್ನ ಆಟವನ್ನು ಅಂಗಿ ಕಳಚಿದ ಹಾಗೆ ಕಳಚಿಟ್ಟು ಇನ್ನೊಂದನ್ನು ತೊಟ್ಟು ಬಂದಾಗ ಆ ಸಮೀಕರಣದ ಬಳಿ ಉತ್ತರವಿಲ್ಲ.

ಉತ್ತರ ಹುಡುಕಲು ಬೇಕಾದದ್ದು ಮ್ಯಾಕ್‌ಫೀ ಪುಸ್ತಕದಲ್ಲೇ ಇರುವುದು ಇನ್ನೂ ವಿಚಿತ್ರ. ಲಿಂಚ್‌ಬರ್ಗ್‌ನ ಡಾ. ರಾಬರ್ಟ್ ವಾಲ್ಟರ್ ಜಾನ್ಸನ್ ಕರಿಯ ಹುಡುಗರಿಗೆ ಟೆನಿಸ್ ಕಲಿಸುವಾಗ ಹಾಕಿದ ನಿಯಮಗಳು ಅಲ್ಲಿವೆ: ತೀರ್ಪಿನ ಬಗ್ಗೆ ವಾದ ಮಾಡಬೇಡ, ಎದುರಾಳಿಯ ಚೆಂಡು ಗೆರೆಯಾಚೆ ಸ್ವಲ್ಪವೇ ಬಿದ್ದಿದ್ದರೆ ಒಳಗೇ ಬಿತ್ತೆಂದು ಆಡು, ಮುಖದಲ್ಲಿ ಏನೂ ತೋರಿಸಬೇಡ. ಬಿಳಿಯರ ಟೂರ್ನಿಗಳಿಂದ ಹೊರಗೆ ಹಾಕಲು ನೆಪ ಸಿಗಬಾರದೆಂಬ ಎಚ್ಚರ ಅದು. ಮನಸ್ಸಿನಲ್ಲಿದ್ದದ್ದು ಕೈಗೆ ಇಳಿಯದಂತೆ ತಡೆಯುವುದನ್ನು ಆ್ಯಶ್ ಕಲಿತದ್ದು ಬಾಲ್ಯದಲ್ಲಿ, ಅವಮಾನದ ಎದುರು. ಬಡಿದುಹಾಕಬೇಕೆಂದು ಮೈಯೆಲ್ಲ ಕೂಗುವಾಗ ಚಿಪ್ ಮಾಡುವ ಶಕ್ತಿ ಅಲ್ಲಿಂದ ಬಂತೆಂದು ನಾನು ಓದುತ್ತೇನೆ. ಅವನ ಬದುಕು ಆಟದೊಳಗೆ ಬಂದದ್ದು ಈ ಬಾಗಿಲಿನಿಂದ.

ಯೋಜನೆ ಆ್ಯಶ್‌ನದಲ್ಲ, ಹಿಂದಿನ ರಾತ್ರಿ ಡೊನಾಲ್ಡ್ ಡೆಲ್ ಮತ್ತಿತರ ಗೆಳೆಯರು ಊಟಕ್ಕೆ ಕೂತು ಹೊಸೆದದ್ದು ಎನ್ನುವವರಿದ್ದಾರೆ. ಇರಲಿ. ಅವರ ಮಾತು ನಿಜವಾಗಿ ಪರೀಕ್ಷೆಗೆ ಬಂದದ್ದು ಮೂರನೇ ಸೆಟ್ಟಿನಿಂದ. ಕಾನರ್ಸ್ ಅದನ್ನು 7-5ರಿಂದ ಗೆದ್ದ, ನಾಲ್ಕನೆಯದರಲ್ಲಿ 3-0 ಮುಂದಿದ್ದ. ಈಗ ಯೋಜನೆ ಕೆಡುತ್ತಿದೆ, ಹಳೆಯ ಆಟಕ್ಕೆ ಮರಳು ಎಂದು ಯಾವ ಆಟಗಾರನ ಕೈಯೂ ಹೇಳುತ್ತದೆ. ಸೋತರೂ ತನ್ನ ಆಟವಾಡಿ ಸೋತೆ ಎಂಬ ಸಮಾಧಾನವಾದರೂ ಉಳಿಯುತ್ತದೆ. ಆ್ಯಶ್ ಆ ಸಮಾಧಾನವನ್ನು ನಿರಾಕರಿಸಿದ. ಬದಿ ಬದಲಿಸುವಾಗ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತ, ಎದ್ದು ಹೋಗಿ ಮತ್ತದೇ ಸರ್ವ್, ಅದೇ ತಗ್ಗಿನ ಚೆಂಡು. ಮುಂದಿನ ಏಳು ಗೇಮ್‌ಗಳಲ್ಲಿ ಆರು ಅವನವು. 6-4. ಗೆಳೆಯರು ಆ ಕುರ್ಚಿಯಲ್ಲಿ ಇರಲಿಲ್ಲ.

ಇನ್ನುಳಿದದ್ದು ಕಾನರ್ಸ್ ಪಕ್ಷದವರ ವಾದ: ಅವನ ಕಾಲಿಗೆ ಪೆಟ್ಟಾಗಿತ್ತು, ಆ ದಿನ ಅವನು ಅವನಾಗಿರಲಿಲ್ಲ. ಪೆಟ್ಟಾಗಿರಬಹುದು. ಅದೇ ಕಾಲಿನಲ್ಲಿ ಅವನು ಫೈನಲ್‌ವರೆಗೆ ಒಂದೂ ಸೆಟ್ ಕಳೆದುಕೊಂಡಿರಲಿಲ್ಲ, ಟ್ಯಾನರ್‌ನನ್ನು ಮಣಿಸಿದ್ದೂ ಅದೇ ಕಾಲು. ಎರಡು ತಿಂಗಳ ನಂತರ ಫಾರೆಸ್ಟ್ ಹಿಲ್ಸ್‌ನಲ್ಲಿ, ಹುಲ್ಲಿನ ಬದಲು ಆ ವರ್ಷ ಹೊಸದಾಗಿ ಹಾಸಿದ್ದ ಮಣ್ಣಿನ ಅಂಕಣದಲ್ಲಿ, ಅಮೆರಿಕದ ಫೈನಲ್‌ನಲ್ಲಿ ಅವನಿಗೆ ಎದುರಾದವನು ಸ್ಪೇನ್‌ನ ಮ್ಯಾನುಯೆಲ್ ಒರಾಂಟೆಸ್. ಅದರ ಮುಂಚಿನ ರಾತ್ರಿ ಗಿಯೆರ್ಮೊ ವಿಲಾಸ್ ವಿರುದ್ಧ ಐದು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು ಐದು ಸೆಟ್ ಆಡಿ ದಣಿದು ಬಂದಿದ್ದವನು. ಅವನೂ ನಿಧಾನದ ಚೆಂಡನ್ನೇ ಕೊಟ್ಟ, ಲಾಬ್ ಎತ್ತಿದ, 6-4, 6-3, 6-3ರಿಂದ ಗೆದ್ದ. ಕಾಲಿನ ಕಥೆಯನ್ನು ಇನ್ನೂ ಹಿಡಿದುಕೊಂಡಿರುವವರು ಈ ಅಂಕಪಟ್ಟಿಯ ಎದುರು ಏನು ಹೇಳುತ್ತಾರೆ? ಒರಾಂಟೆಸ್ ಮಣ್ಣಿನಲ್ಲಿ ಬೆಳೆದವನು, ಮೆತ್ತಗಿನ ಹೊಡೆತ ಅವನ ಹುಟ್ಟುಗುಣ. ಆ್ಯಶ್ ಅದನ್ನೇ ಜೀವನದ ಅತಿ ದೊಡ್ಡ ಪಂದ್ಯಕ್ಕಾಗಿ, ತನ್ನ ಸ್ವಭಾವಕ್ಕೆ ವಿರುದ್ಧವಾಗಿ, ಹುಲ್ಲಿನ ಮೇಲೆ, ಅವನಿಗಿಂತ ಮೊದಲೇ ಮಾಡಿ ತೋರಿಸಿದ್ದ.