ಗಿಡಕ್ಕೆ ಉಣಿಸಿದ್ದು ಏನು?

ಗಿಡದ ಕೋಶಭಿತ್ತಿಯ ಅಧ್ಯಯನಕ್ಕೆ ಬಹುಕಾಲ ಹಿಡಿದ ದಾರಿ, ಅದರ ಅಂಶಗಳನ್ನು ಕ್ಷಾರದಲ್ಲಿ ಒಂದೊಂದಾಗಿ ಕರಗಿಸಿ ಬೇರ್ಪಡಿಸುವುದು. ಯಾವ ಪಾಲಿಸ್ಯಾಕರೈಡ್ (ಸಕ್ಕರೆ ಸರಪಳಿ) ಎಷ್ಟಿದೆ ಎಂಬ ಲೆಕ್ಕ ಆಗ ಸಿಗುತ್ತಿತ್ತು. ಯಾವುದು ಯಾವುದಕ್ಕೆ ಅಂಟಿಕೊಂಡಿತ್ತು ಎಂಬುದು ಮಾತ್ರ ಕರಗುವಾಗಲೇ ಕಳೆದುಹೋಗುತ್ತಿತ್ತು. ಜೀವಿಗೇ ಕಾರ್ಬನ್-13 ಉಣಿಸಿ, ಭಿತ್ತಿಯನ್ನು ಒಡೆಯದೆ ಘನಸ್ಥಿತಿಯ ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್, ಅಂದರೆ ಎನ್‌ಎಂಆರ್‌ನಲ್ಲಿ ನೋಡುವ ವಿಧಾನವನ್ನು ನಾನು ಮೆಚ್ಚುವುದು ಈ ಕಾರಣಕ್ಕೆ.

ಸಾಮಾನ್ಯ ಕಾರ್ಬನ್-12 ಎನ್‌ಎಂಆರ್‌ಗೆ ಕಾಣುವುದೇ ಇಲ್ಲ. ಕಾಣುವ ಕಾರ್ಬನ್-13 ಪ್ರಕೃತಿಯಲ್ಲಿರುವುದು ಶೇ. 1.1 ಮಾತ್ರ. ಎರಡು ಪರಮಾಣುಗಳು ನೆರೆಹೊರೆ ಎಂದು ತಿಳಿಯಲು ಎರಡೂ ಕಾರ್ಬನ್-13 ಆಗಿರಬೇಕು. ಸಹಜ ಮಾದರಿಯಲ್ಲಿ ಅಂಥ ಜೋಡಿ ಸಿಗುವ ಸಾಧ್ಯತೆ ಸುಮಾರು ಎಂಟು ಸಾವಿರಕ್ಕೆ ಒಂದು. ಕಾರ್ಬನ್-13 ತುಂಬಿದ ದುಬಾರಿ ಗ್ಲೂಕೋಸನ್ನು ಗಿಡಕ್ಕೆ ಸುರಿಯುವುದು ಇದಕ್ಕಾಗಿ.

2011ರಲ್ಲಿ ಮೇ ಹಾಂಗ್ ಅವರ ತಂಡ ಅರಾಬಿಡಾಪ್ಸಿಸ್ ಗಿಡದ ಭಿತ್ತಿಯನ್ನು ಹೀಗೆ ನೋಡಿ, ಪೆಕ್ಟಿನ್ ಎಂಬ ಪಾಲಿಸ್ಯಾಕರೈಡ್ ಸೆಲ್ಯುಲೋಸಿಗೆ ತಾಗಿಕೊಂಡೇ ಇದೆ ಎಂದು ತೋರಿಸಿತು. ಸೆಲ್ಯುಲೋಸ್ ಎಳೆಗಳನ್ನು ಕಟ್ಟುವುದು ಮುಖ್ಯವಾಗಿ ಕ್ಸೈಲೋಗ್ಲೂಕಾನ್, ಪೆಕ್ಟಿನ್ ಬೇರೆಯೇ ಜಾಲ ಎಂದು ತೋರಿಸುತ್ತಿದ್ದ ಪಠ್ಯಪುಸ್ತಕದ ಚಿತ್ರ ಅಲುಗಾಡಿತು. ಇದು ದೊಡ್ಡ ಸಾಧನೆ. ಆದರೆ ಆ ಗಿಡಗಳು ಬೆಳೆದದ್ದು ಕತ್ತಲಲ್ಲಿ, ಗ್ಲೂಕೋಸ್ ಬೆರೆಸಿದ ದ್ರವದಲ್ಲಿ. ಬೆಳಕು ಕೊಟ್ಟರೆ ಗಿಡ ಗಾಳಿಯ ಸಾಮಾನ್ಯ ಕಾರ್ಬನ್ನನ್ನು ಹೀರಿ ಕಾರ್ಬನ್-13ರ ಗುರುತನ್ನು ತೆಳುವಾಗಿಸುತ್ತದೆ. ಕತ್ತಲಲ್ಲಿ ಉದ್ದುದ್ದ ಬೆಳೆವ ಎಳೆ ಕಾಂಡದ ಭಿತ್ತಿಗೆ ಈ ಫಲಿತಾಂಶ ಸಲ್ಲುತ್ತದೆ. ಬಿಸಿಲಿನ ಎಲೆಗೂ ಇದೇ ಎಂದು ಒಪ್ಪುವ ಮೊದಲು ಎಲೆಯನ್ನೇ ನೋಡಬೇಕು.

ಪಾಲ್ ಡುಪ್ರೀ, ರೇ ಡುಪ್ರೀ ಮತ್ತು ಸಂಗಡಿಗರು ಹಿಡಿದ ದಾರಿ ನನಗೆ ಹೆಚ್ಚು ಇಷ್ಟ. ಅವರು ಗಿಡಕ್ಕೆ ಕೊಟ್ಟದ್ದು ಕಾರ್ಬನ್-13 ಇರುವ ಇಂಗಾಲದ ಡೈಆಕ್ಸೈಡ್. ಅಂದರೆ ಗಿಡ ತನ್ನ ಊಟವನ್ನು ತಾನೇ ಮಾಡಿಕೊಂಡಿತು. ಕಾಂಡವನ್ನು ನೋಡಿದಾಗ, ದ್ರಾವಣದಲ್ಲಿ ಮೂರು ಸಕ್ಕರೆಗೊಂದು ಸುತ್ತು ತಿರುಗುವ ಕ್ಸೈಲಾನ್ ಎಂಬ ಪಾಲಿಸ್ಯಾಕರೈಡ್ ಸರಪಳಿ ಸೆಲ್ಯುಲೋಸಿನ ಮೈಗೆ ಹತ್ತಿದಾಗ ಎರಡಕ್ಕೊಂದು ಸುತ್ತಾಗಿ ಚಪ್ಪಟೆಯಾಗುವುದು 2016ರಲ್ಲಿ ವರದಿಯಾಯಿತು. ಕರಗಿಸಿ ತೆಗೆದಿದ್ದರೆ ಈ ಆಕಾರ ಅಲ್ಲೇ ಅಳಿಯುತ್ತಿತ್ತು.

ಸೆಲ್ಯುಲೋಸಿನ ಅಧ್ಯಯನಕ್ಕೆ ಗಿಡಕ್ಕಿಂತ ಬ್ಯಾಕ್ಟೀರಿಯಾ ಸುಲಭ ಎನ್ನುವವರಿದ್ದಾರೆ. ಅಸೆಟೋಬ್ಯಾಕ್ಟರ್ ಸಾಕಿದರೆ ದ್ರವದ ಮೇಲೆ ಸೆಲ್ಯುಲೋಸ್ ಕೆನೆಯಂತೆ ಕಟ್ಟುತ್ತದೆ, ಇಳುವರಿಯೂ ಚೆನ್ನ. ತೊಡಕು ಬರುವುದು ಗ್ಲೂಕೋಸಿನ ಒಂದೇ ಕಾರ್ಬನ್ನಿಗೆ ಗುರುತು ಹಾಕಿದಾಗ: ಸಕ್ಕರೆಯಲ್ಲಿ ಸ್ವಲ್ಪ ಭಾಗವನ್ನು ಜೀವಿ ಮುರಿದು ಮತ್ತೆ ಕಟ್ಟುವುದರಿಂದ ಗುರುತು ಬೇರೆ ಸ್ಥಾನಗಳಿಗೂ ಹರಡುತ್ತದೆ. ಎಷ್ಟು ಹರಡಿತು ಎಂದು ಅಳೆಯದೆ ಬಂದ ಲೇಖನವನ್ನು ನಾನು ಪೂರ್ತಿ ನಂಬಲಾರೆ.

ಗುರುತೇ ಬೇಡ, ಡೈನಮಿಕ್ ನ್ಯೂಕ್ಲಿಯರ್ ಪೋಲರೈಸೇಶನ್ ಎಂಬ ಡಿಎನ್‌ಪಿ ತಂತ್ರದಿಂದ ಸಂಕೇತವನ್ನು ಹೆಚ್ಚಿಸಿಕೊಳ್ಳೋಣ ಎಂಬ ವಾದವೂ ಇದೆ. ಮರದಂಥ ನಿಧಾನ ಬೆಳೆಯುವ ಜೀವಿಗೆ ಅದು ಸರಿಯಾದ ಮಾತು. ಆದರೆ ಅಲ್ಲಿ ಮಾದರಿಯನ್ನು ಸುಮಾರು 100 ಕೆಲ್ವಿನ್‌ಗೆ ಹೆಪ್ಪುಗಟ್ಟಿಸುತ್ತಾರೆ, ಪೆಕ್ಟಿನ್ನಿನ ಓಲಾಟ ನಿಂತೇ ಹೋಗುತ್ತದೆ. ಹಸಿ ಭಿತ್ತಿಯಲ್ಲಿ ಯಾವುದು ಅಲುಗುತ್ತದೆ, ಯಾವುದು ಬಿಗಿದು ಕೂತಿದೆ ಎಂಬ ಪ್ರಶ್ನೆಗೆ ಉಣಿಸಿ ಬೆಳೆಸಿದ ಗಿಡವೇ ಬೇಕು. ಉಣಿಸುವ ಬಗೆಯೇ ಭಿತ್ತಿಯನ್ನು ಬದಲಿಸಿರಬಹುದಾದ್ದರಿಂದ, ಒಂದೇ ತಳಿಯನ್ನು ಎರಡೂ ರೀತಿ, ಕತ್ತಲಲ್ಲಿ ಗ್ಲೂಕೋಸಿನಿಂದ, ಬೆಳಕಲ್ಲಿ ಅನಿಲದಿಂದ ಬೆಳೆಸಿ, ಎರಡರ ಭಿತ್ತಿಯನ್ನೂ ಅಕ್ಕಪಕ್ಕ ಇಟ್ಟು ತೋರಿಸುವ ಅಭ್ಯಾಸ ಈ ಕ್ಷೇತ್ರದಲ್ಲಿ ಕಡ್ಡಾಯವಾಗಬೇಕು.