ಹೊರಗಿನ ಫಲಕ, ಒಳಗಿನ ಕಾರಣ: ಬರ್ನಾರ್ಡ್ ವಿಲಿಯಮ್ಸ್‌ರ ನೀತಿವಿಚಾರ

‘ನೀನು ಹೀಗೆ ಮಾಡಲೇಬೇಕು’ ಎಂಬ ಮಾತಿಗೆ ಬಲ ಎಲ್ಲಿಂದ ಬರುತ್ತದೆ? ಆಂಗ್ಲ ತತ್ತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ (1929–2003) ಆಂತರಿಕ ಮತ್ತು ಬಾಹ್ಯ ಕಾರಣಗಳನ್ನು ಕುರಿತ ತಮ್ಮ ಪ್ರಬಂಧದಲ್ಲಿ ನೀಡುವ ಉತ್ತರ ನಿಷ್ಠುರವಾದುದು. ಒಬ್ಬನಿಗೆ ಒಂದು ಕಾರ್ಯವೆಸಗಲು ಕಾರಣವಿದೆ ಎನ್ನಬೇಕಾದರೆ, ಅವನಲ್ಲಿ ಈಗಾಗಲೇ ಇರುವ ಆಸೆ, ಒಲವು, ನಿಷ್ಠೆಗಳಿಂದ ಆ ಕಾರ್ಯದವರೆಗೆ ವಿವೇಚನೆಯ ದಾರಿಯೊಂದು ಇರಬೇಕು. ದಾರಿಯಿಲ್ಲದಿದ್ದರೆ ಹೊರಗಿನಿಂದ ಹೇರಿದ ‘ಕಾರಣ’ ಬರಿಯ ಬೆದರುಗೊಂಬೆ. ಹೆನ್ರಿ ಜೇಮ್ಸ್‌ರ ಕಥೆಯ ಓವನ್ ವಿಂಗ್ರೇವ್‌ಗೆ, ಸೈನ್ಯ ಸೇರಲು ಮನೆತನದ ಪರಂಪರೆಯೇ ಕಾರಣವೆಂದು ಬಂಧುಗಳು ಒತ್ತಾಯಿಸುವುದು ಅವರ ಉದಾಹರಣೆ.

ನಮ್ಮ ಬೀದರ್ ಸೀಮೆಯಲ್ಲಿ ಇದಕ್ಕಿಂತ ಹರಿತವಾದ ಉದಾಹರಣೆಯಿದೆ. ಉರ್ದುವೇ ಶಿಕ್ಷಣ ಮಾಧ್ಯಮವಾಗಿದ್ದ ನಿಜಾಮರ ಕಾಲದಲ್ಲಿ, ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. (ಆ ಫಲಕ ಸುಳ್ಳೇ ಎಂಬ ತಕರಾರನ್ನು ಕಾಂಟ್‌ನ ಅನುಯಾಯಿಗಳಿಗೆ ಬಿಡೋಣ.) ಬಹುಕಾಲ ಔರಾದ್ ತಾಲ್ಲೂಕಿಗೆ ಸೇರಿದ್ದ ಕಮಲನಗರದ ಒಬ್ಬ ತಂದೆಯನ್ನು ಊಹಿಸೋಣ. ಮಗನಿಗೆ ಸರ್ಕಾರಿ ನೌಕರಿ ಬೇಕು, ಅದಕ್ಕೆ ಉರ್ದು ಬೇಕು. ಆದರೂ ತಾಯ್ನುಡಿಯ ಮೇಲಿನ ಒಲವು ಅವನೆದೆಯಲ್ಲಿದೆ. ಅಲ್ಲಿಂದ ಕನ್ನಡ ಪಾಠಕ್ಕೆ ದಾರಿಯುಂಟು. ಇಲ್ಲಿಯವರೆಗೆ ವಿಲಿಯಮ್ಸ್ ಸರಿ. ಈಗ ಶಾಲೆಯನ್ನು ಮುಚ್ಚಿಸಬಲ್ಲ ಅಧಿಕಾರಿಯನ್ನು ಊಹಿಸಿರಿ. ಆ ಮಕ್ಕಳ ಬಗ್ಗೆ ಅವನಿಗೆ ಯಾವ ಕಾಳಜಿಯೂ ಇಲ್ಲ. ವಿಲಿಯಮ್ಸ್‌ರ ಪ್ರಕಾರ ಅವನನ್ನು ಕ್ರೂರಿ ಎನ್ನಬಹುದು. ಶಾಲೆಯನ್ನು ಉಳಿಸಲು ಅವನಿಗೆ ಕಾರಣವಿತ್ತು ಎನ್ನಲಾಗದು. ಕಲ್ಲೆದೆಯವನಿಗೆ ಇದಕ್ಕಿಂತ ಅಗ್ಗದ ವಿನಾಯಿತಿ ಮತ್ತೊಂದಿಲ್ಲ.

ನಮ್ಮ ಪಠ್ಯಗಳು ಸಂತ ಥಾಮಸ್ ಅಕ್ವಿನಾಸರನ್ನು ಇದಕ್ಕೆ ತೀರ ವಿರುದ್ಧವಾಗಿ ನಿಲ್ಲಿಸುವುದು ಆತುರದ ಕೆಲಸ. ‘ಸುಮ್ಮಾ’ದಲ್ಲಿ ಸ್ವಾಭಾವಿಕ ನಿಯಮವನ್ನು ವಿವರಿಸುವಾಗ ಅವರೂ ಒಲವುಗಳ ಮಾತನ್ನೇ ಎತ್ತುತ್ತಾರೆ: ಬದುಕುವ, ಸಂತತಿಯನ್ನು ಪೋಷಿಸುವ, ಸತ್ಯವನ್ನರಿಯುವ, ಕೂಡಿ ಬಾಳುವ ಒಲವುಗಳು. ವ್ಯತ್ಯಾಸವಿಷ್ಟೆ: ಅವು ಒಬ್ಬ ವ್ಯಕ್ತಿಯ ಜೀವನಕ್ರಮದಲ್ಲಿ ಆಕಸ್ಮಿಕವಾಗಿ ಸೇರಿದವಲ್ಲ, ಮನುಷ್ಯಸ್ವಭಾವಕ್ಕೆ ಸೇರಿದವು. ದುರಭ್ಯಾಸವೂ ದುರ್ಬೋಧೆಯೂ ಈ ನಿಯಮದ ಎರಡನೆಯ ಹಂತದ ವಿಧಿಗಳನ್ನು ಹೃದಯದಿಂದ ಅಳಿಸಬಲ್ಲವೆಂದೂ ಅವರು ಒಪ್ಪುತ್ತಾರೆ. ಅಂದರೆ ಅಧಿಕಾರಿಯೊಳಗೆ ದಾರಿ ಮುಚ್ಚಿಹೋಗಿರಬಹುದು, ಕಾರಣ ಮುಚ್ಚಿಹೋಗಿಲ್ಲ.

ಆದರೂ ನಾವು ವಿಲಿಯಮ್ಸ್‌ರನ್ನು ಓದಲೇಬೇಕು. ಮುಚ್ಚಿದ ದಾರಿಯ ಮುಂದೆ ನಿಂತು ಬರಿಯ ‘ಬೇಕು’ಗಳನ್ನು ಕೂಗುವ ಪ್ರಬೋಧನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಪಟ್ಟದ್ದೇವರು ತಾಯಿತಂದೆಯರಿಗೆ ಆಜ್ಞೆ ಹೊರಡಿಸಲಿಲ್ಲ, ಶಾಲೆ ತೆರೆದರು.